ಕ್ಯಾಶ್ ಬದಲಿಸಿದರೆ ಏನೇನು ಬದಲಾಗುತ್ತದೆ?

ಸುದ್ದಿ ಜಾಲತಾಣದ ಮುಖಪುಟವನ್ನು ಒಂದೇ ನಿಮಿಷದಲ್ಲಿ ಸಾವಿರ ಜನ ತೆರೆದರೆ ಡೇಟಾಬೇಸ್‌ಗೆ ಅವೇ ಪ್ರಶ್ನೆಗಳನ್ನು ಸಾವಿರ ಸಲ ಕೇಳುವುದು ದಂಡ. ಒಮ್ಮೆ ಸಿದ್ಧವಾದ ಪುಟವನ್ನು ಸ್ವಲ್ಪ ಹೊತ್ತು ಎತ್ತಿಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಕೊಟ್ಟರಾಯಿತು. ಹೀಗೆ ಎತ್ತಿಡುವ ಜಾಗವೇ ಕ್ಯಾಶ್. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಎಲ್ಲರ ಕೈಗೆ ಬಂದ ಜಾಂಗೋ ಫ್ರೇಮ್‌ವರ್ಕ್ ಈ ಜಾಗಕ್ಕೆ ಹಲವು ಆಯ್ಕೆಗಳನ್ನು ಕೊಡುತ್ತದೆ: ಪ್ರೋಗ್ರಾಮಿನ ಸ್ವಂತ ಮೆಮೊರಿ, ಡಿಸ್ಕಿನ ಫೈಲುಗಳು, ಡೇಟಾಬೇಸಿನ ಒಂದು ಟೇಬಲ್, ಮೆಮ್‌ಕ್ಯಾಶ್ಡ್ ಎಂಬ ಪ್ರತ್ಯೇಕ ಸೇವೆ, 2021ರ ಕೊನೆಯಲ್ಲಿ ಬಂದ 4.0 ಆವೃತ್ತಿಯಿಂದ ಅಂಥದೇ ಇನ್ನೊಂದು ಸೇವೆಯಾದ ರೆಡಿಸ್ ಕೂಡ. ಇವಕ್ಕೆ ಬ್ಯಾಕೆಂಡ್ ಎನ್ನುತ್ತಾರೆ. ಇಡು, ತೆಗೆ, ಅಳಿಸು ಎಂಬ ಆಜ್ಞೆಗಳು ಎಲ್ಲಕ್ಕೂ ಒಂದೇ. ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದೆರಡು ಸಾಲು ತಿದ್ದಿದರೆ ಬ್ಯಾಕೆಂಡ್ ಬದಲಾಗುತ್ತದೆ. ಇಷ್ಟು ಸುಲಭವಾದ್ದರಿಂದಲೇ ಬದಲಾಗುವುದು ವೇಗವೊಂದೇ ಎಂದು ನಂಬಿಬಿಡುತ್ತೇವೆ. ಆದರೆ ಅದೇ ಕೋಡಿನ ಅರ್ಥವೂ ಬದಲಾಗಬಲ್ಲದು.

ಏನನ್ನೂ ಹೇಳದಿದ್ದರೆ ಜಾಂಗೋ ಬಳಸುವುದು ಸ್ವಂತ ಮೆಮೊರಿಯನ್ನು. ಅದು ಒಂದೊಂದು ಪ್ರೊಸೆಸ್ಸಿಗೂ, ಅಂದರೆ ಓಡುತ್ತಿರುವ ಪ್ರೋಗ್ರಾಮಿನ ಒಂದೊಂದು ಪ್ರತಿಗೂ, ಬೇರೆ ಬೇರೆ. ಐದು ಸಲ ತಪ್ಪು ಪಾಸ್‌ವರ್ಡ್ ಕೊಟ್ಟವರನ್ನು ತಡೆಯಲು ಕ್ಯಾಶ್‌ನಲ್ಲಿ ಲೆಕ್ಕ ಇಟ್ಟಿದ್ದೀರಿ ಎನ್ನಿ. ಅಭಿವೃದ್ಧಿಯ ಹಂತದಲ್ಲಿ, ಒಂದೇ ಪ್ರೊಸೆಸ್ ಇರುವ ಲ್ಯಾಪ್‌ಟಾಪಿನಲ್ಲಿ, ಲೆಕ್ಕ ಸರಿಯಾಗಿಯೇ ಇರುತ್ತದೆ. ಸರ್ವರಿನಲ್ಲಿ ನಾಲ್ಕು ಪ್ರೊಸೆಸ್‌ಗಳು ಓಡತೊಡಗಿದರೆ ಲೆಕ್ಕಗಳೂ ನಾಲ್ಕಾಗುತ್ತವೆ. ಕಳ್ಳನಿಗೆ ಐದರ ಬದಲು ಇಪ್ಪತ್ತರವರೆಗೆ ಅವಕಾಶ ಸಿಗಬಹುದು. ಕೋಡಿನಲ್ಲಿ ಒಂದಕ್ಷರವೂ ತಪ್ಪಿಲ್ಲ, ಹಾಗಾಗಿ ಹುಡುಕಿದರೆ ಸಿಗುವುದೂ ಇಲ್ಲ. ಇದೇ ಲೆಕ್ಕವನ್ನು ಡೇಟಾಬೇಸ್ ಬ್ಯಾಕೆಂಡಿಗೆ ಒಯ್ದರೆ ಎಲ್ಲರಿಗೂ ಒಂದೇ ಅಂಕಿ ಕಾಣುತ್ತದೆ ನಿಜ, ಆದರೆ ಒಂದು ಕೂಡಿಸುವ ಕೆಲಸ ಅಲ್ಲಿ ಓದುವುದು, ಮತ್ತೆ ಬರೆಯುವುದು ಎಂದು ಎರಡು ಹೆಜ್ಜೆಯಲ್ಲಿ ನಡೆಯುತ್ತದೆ. ನಡುವೆ ಇನ್ನೊಬ್ಬರು ನುಸುಳಿದರೆ ಒಂದು ಎಣಿಕೆ ಕಳೆದುಹೋಗುತ್ತದೆ. ಮೆಮ್‌ಕ್ಯಾಶ್ಡ್ ಮತ್ತು ರೆಡಿಸ್ ಇದನ್ನು ಒಂದೇ ಏಟಿಗೆ ಮುಗಿಸುತ್ತವೆ.

ಜಾಗ ತುಂಬಿದಾಗ ಯಾವುದನ್ನು ಹೊರಹಾಕುವುದು ಎಂಬ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಮೆಮೊರಿ, ಫೈಲು, ಡೇಟಾಬೇಸ್ ಈ ಮೂರೂ ಡಿಫಾಲ್ಟ್ ಆಗಿ 300 ವಸ್ತುಗಳನ್ನಷ್ಟೇ ಇಟ್ಟುಕೊಳ್ಳುತ್ತವೆ (ಇವತ್ತಿನ ತಾಣಗಳಿಗೆ ಇದು ಯಾವ ಮೂಲೆಗೂ ಸಾಲದು). ಮಿತಿ ಮೀರಿದರೆ ಸುಮಾರು ಮೂರರಲ್ಲೊಂದು ಪಾಲು ಹೊರಕ್ಕೆ. ಮೆಮೊರಿ ಬ್ಯಾಕೆಂಡ್ ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದನ್ನು ಆರಿಸುತ್ತದೆ. ಫೈಲ್ ಬ್ಯಾಕೆಂಡ್ ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ. ಡೇಟಾಬೇಸ್ ಬ್ಯಾಕೆಂಡ್ ಅವಧಿ ಮುಗಿದದ್ದನ್ನು ಮೊದಲು ತೆಗೆದು, ಅದೂ ಸಾಲದಿದ್ದರೆ ಕೀಲಿಪದಗಳ (ವಸ್ತುಗಳನ್ನು ಇಟ್ಟ ಹೆಸರುಗಳ) ಕ್ರಮದಲ್ಲಿ ಮೊದಲು ಬರುವವನ್ನು ಅಳಿಸುತ್ತದೆ. ಅಂದರೆ ಒಂದು ವಸ್ತು ಉಳಿಯುವುದೋ ಅಳಿಯುವುದೋ ಎಂಬುದನ್ನು ಅದರ ಹೆಸರಿನ ಅಕ್ಷರಗಳು ನಿರ್ಧರಿಸುತ್ತವೆ!

ಇಷ್ಟೆಲ್ಲ ರಗಳೆ ಯಾಕೆ, ರೆಡಿಸ್ ಹಾಕಿಕೊಂಡು ಸುಮ್ಮನಿದ್ದರಾಯಿತಲ್ಲ ಎಂದು ಕೇಳುವವರಿದ್ದಾರೆ. ಹಲವು ಪ್ರೊಸೆಸ್‌ಗಳ ತಾಣಕ್ಕೆ ಅದು ಒಳ್ಳೆಯ ಸಲಹೆಯೇ. ಆದರೆ ಆಗ ನೋಡಿಕೊಳ್ಳಬೇಕಾದ ಇನ್ನೊಂದು ಸೇವೆ ಹೆಗಲಿಗೇರುತ್ತದೆ. ಜಾಂಗೋದ ರೆಡಿಸ್ ಬ್ಯಾಕೆಂಡಿಗೆ ಸಂಪರ್ಕ ತಪ್ಪಿದರೆ ಅದು ದೋಷ ಎಸೆಯುತ್ತದೆ. ಹಿಡಿಯುವ ವ್ಯವಸ್ಥೆ ಇರದಿದ್ದರೆ ಪುಟವೇ ಬೀಳುತ್ತದೆ. ‘ಎಲ್ಲ ಅಳಿಸು’ ಎಂಬ ಆಜ್ಞೆ ನಿಮ್ಮ ಅಪ್ಲಿಕೇಶನ್ನಿನದ್ದನ್ನಷ್ಟೇ ಅಲ್ಲ, ಅದೇ ರೆಡಿಸ್ ಡೇಟಾಬೇಸನ್ನು ಹಂಚಿಕೊಂಡ ಬೇರೆಯವರದ್ದನ್ನೂ ಗುಡಿಸಿಹಾಕುತ್ತದೆ. ಇನ್ನು, ಒಂದೇ ಬಗೆಯ ಆಜ್ಞೆಗಳಿಂದ ಅನುಕೂಲವೇ ಇಲ್ಲವೇ ಎಂಬ ಆಕ್ಷೇಪ. ಖಂಡಿತ ಇದೆ, ಕ್ಯಾಶ್‌ನಲ್ಲಿ ಇಟ್ಟದ್ದು ಯಾವ ಕ್ಷಣ ಹೋದರೂ ಮತ್ತೆ ಮಾಡಿಕೊಳ್ಳುವಂತಿದ್ದರೆ. ಮುಖಪುಟ ಅಂಥದ್ದು, ಲಾಗಿನ್ ಸೆಷನ್ ಅಂಥದ್ದಲ್ಲ. ಸೆಷನ್‌ಗಳನ್ನು ಮೆಮ್‌ಕ್ಯಾಶ್ಡ್‌ನಲ್ಲಿ ಮಾತ್ರ ಇಟ್ಟ ತಾಣದಲ್ಲಿ ಮೆಮ್‌ಕ್ಯಾಶ್ಡ್ ಅನ್ನು ರೀಸ್ಟಾರ್ಟ್ ಮಾಡಿದೊಡನೆ ಎಲ್ಲರೂ ಲಾಗೌಟ್ ಆಗುತ್ತಾರೆ. ಇದಕ್ಕೆಂದೇ ಜಾಂಗೋದಲ್ಲಿ ಇನ್ನೊಂದು ದಾರಿಯಿದೆ: ಸೆಷನ್ನನ್ನು ಡೇಟಾಬೇಸಿಗೂ ಕ್ಯಾಶಿಗೂ ಬರೆದು, ಕ್ಯಾಶಿನಲ್ಲಿ ಸಿಗದಿದ್ದಾಗ ಮಾತ್ರ ಡೇಟಾಬೇಸಿನಿಂದ ಓದುವುದು. ಬರೆಯುವ ಕೆಲಸ ತುಸು ನಿಧಾನ, ಆದರೆ ರಾತ್ರಿ ಎರಡು ಗಂಟೆಗೆ ಮೆಮ್‌ಕ್ಯಾಶ್ಡ್ ಬಿದ್ದೆದ್ದರೂ ಬಳಕೆದಾರರು ಲಾಗಿನ್ ಆಗಿಯೇ ಇರುತ್ತಾರೆ.