ನಿಮಗಿದು ಗೊತ್ತೆ? ಬಸುರಿಯ ಗೊರಕೆಗೆ ಮನೆಯಲ್ಲೇ ಪರೀಕ್ಷೆ
ಬಸುರಿಯ ಗೊರಕೆಯನ್ನು ‘ಆಯಾಸಕ್ಕೆ ಬಿಡು’ ಎಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಗೊರಕೆಯ ಜೊತೆಗೆ ನಿದ್ದೆಯಲ್ಲಿ 10 ಸೆಕೆಂಡಾದರೂ ಉಸಿರು ಕಟ್ಟುವುದು ಇಲ್ಲವೇ ಕುಗ್ಗುವುದು ಗಂಟೆಗೆ 5 ಅಥವಾ ಹೆಚ್ಚು ಬಾರಿ ಆದರೆ ವೈದ್ಯರು ಸ್ಲೀಪ್ ಆಪ್ನಿಯ ಇರಬಹುದೆಂದು ಪರಿಗಣಿಸುತ್ತಾರೆ.

ಇದರ ಪತ್ತೆಯ ಪರೀಕ್ಷೆ ಆಸ್ಪತ್ರೆಯಲ್ಲಾದರೆ ನಿದ್ರಾ ಪ್ರಯೋಗಾಲಯದಲ್ಲಿ ತಲೆ, ಎದೆ, ಕಾಲಿಗೆಲ್ಲ ವೈರು ಅಂಟಿಸಿಕೊಂಡು ಒಂದು ರಾತ್ರಿ ಮಲಗಬೇಕು. ಪದೇ ಪದೇ ಮೂತ್ರಕ್ಕೆ ಏಳುವ, ಮಗ್ಗುಲು ಬದಲಿಸಲೂ ಕಷ್ಟಪಡುವ ತುಂಬು ಬಸುರಿಗೆ ಅದೆಂಥ ರಾತ್ರಿ, ಊಹಿಸಿ! ಮನೆಯಲ್ಲಾದರೆ ತನ್ನದೇ ಹಾಸಿಗೆ. ಎದೆಗೊಂದು ಪಟ್ಟಿ, ಮೂಗಿಗೆ ಸಣ್ಣ ಕೊಳವೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಯಾವುದು ಒಗ್ಗುತ್ತದೆ ಎಂದು ಅವಳನ್ನೇ ಕೇಳಬೇಕು.

ಅಮೆರಿಕದ ಚೊಚ್ಚಲ ಬಸುರಿಯರ ಬಗ್ಗೆ 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ನೆಚ್ಚಿದ್ದೂ ಮನೆ ಪರೀಕ್ಷೆಯನ್ನೇ. 3,000ಕ್ಕೂ ಹೆಚ್ಚು ಮಂದಿ ಉಪಕರಣವನ್ನು ತಾವೇ ಕಟ್ಟಿಕೊಂಡು ಮಲಗಿದರು. ಬಸಿರಿನ ಆರಂಭದಲ್ಲಿ ಶೇ 3.6ರಷ್ಟು ಮಂದಿಯಲ್ಲಿ ಕಂಡ ಉಸಿರಿನ ತೊಂದರೆ ನಡುಗಾಲದಲ್ಲಿ ಶೇ 8.3ಕ್ಕೆ ಏರಿತ್ತು. ಅಂಥವರಲ್ಲಿ ಅಧಿಕ ರಕ್ತದೊತ್ತಡದ ತೊಡಕು, ಗರ್ಭಾವಸ್ಥೆಯ ಮಧುಮೇಹ ಹೆಚ್ಚಾಗಿದ್ದವು.

ಹೃದ್ರೋಗ ಅಥವಾ ತೀವ್ರ ಶ್ವಾಸಕೋಶದ ಕಾಯಿಲೆ ಇರುವವರಿಗೆ ಮಾತ್ರ ಪ್ರಯೋಗಾಲಯದ ಪರೀಕ್ಷೆಯೇ ಸೂಕ್ತ.