ನಾಕಾ ದಾಟಿದರೆ ಕಾರ್ಡಿಗೆ ಬೆಲೆಯಿಲ್ಲವೇ?

ಕೊಗನೋಳಿಯ ನಾಕಾ ದಾಟಿ ಮಹಾರಾಷ್ಟ್ರದ ಕೊಲ್ಹಾಪುರಕ್ಕೆ ಹೋಗಲಿ, ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಹೋಗಲಿ, ಕರ್ನಾಟಕದ ವಿಳಾಸವಿದ್ದವರಿಗೆ ಅಲ್ಲಿನ ಸರ್ಕಾರಿ ದವಾಖಾನೆ ಸಿಗುವುದಿಲ್ಲ ಎಂಬ ನಂಬಿಕೆ ಗಡಿಯಲ್ಲಿ ಬಲವಾಗಿದೆ. ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ: ಚಿಕಿತ್ಸೆ ಪಡೆಯುವ ಹಕ್ಕು, ಮತ್ತು ಅದರ ಬಿಲ್ಲು ಯಾರು ಕಟ್ಟಬೇಕೆಂಬ ಲೆಕ್ಕ.

ಹಕ್ಕಿಗೆ ರಾಜ್ಯದ ಗಡಿಯಿಲ್ಲ. ಅಪಘಾತವಾದವನನ್ನು ಉಳಿಸುವುದು ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿ ವೈದ್ಯರ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ರೈಲಿನಿಂದ ಬಿದ್ದ ಬಂಗಾಳದ ಕೂಲಿಕಾರನೊಬ್ಬನನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ವಾಪಸ್ ಕಳಿಸಿದ್ದವು. ಆ ಪ್ರಕರಣದಲ್ಲಿ 1996ರಲ್ಲಿ ಕೋರ್ಟು 25,000 ರೂಪಾಯಿ ಪರಿಹಾರ ಕೊಡಿಸಿತು. ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್ ಆದರೂ, 2011ರಿಂದ ದೇಶದೆಲ್ಲೆಡೆ ಉಚಿತ. ಕ್ಷಯದ ಮಾತ್ರೆಯೂ ಅಷ್ಟೇ: ಇಚಲಕರಂಜಿಯ ಮಗ್ಗ ಬಿಟ್ಟು ನಡುವೆ ಊರಿಗೆ ಮರಳಿದವನ ಹೆಸರನ್ನು ಊರಿನ ಕೇಂದ್ರಕ್ಕೆ ವರ್ಗಾಯಿಸಿ ಚಿಕಿತ್ಸೆ ಮುಂದುವರಿಸಬಹುದು.

ತೊಡಕು ಶುರುವಾಗುವುದು ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ. 'ಕರ್ನಾಟಕದ ಆಯುಷ್ಮಾನ್ ಕಾರ್ಡ್ ಇಲ್ಲಿ ನಡೆಯೋದಿಲ್ಲ' ಎನ್ನುವುದು ಅರ್ಧ ಸತ್ಯ. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರದ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯುಂಟು. ಆ ಯೋಜನೆಯ ಪಟ್ಟಿಯಲ್ಲಿರುವವರು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಆದರೆ ಕರ್ನಾಟಕ ತನ್ನ ಖರ್ಚಿನಲ್ಲಿ ಸೇರಿಸಿಕೊಂಡ ಕುಟುಂಬಗಳಿಗೆ ಈ ಅನುಕೂಲ ತಾನಾಗಿ ಬರುವುದಿಲ್ಲ. ಎರಡೂ ಕಾರ್ಡುಗಳ ಮೇಲೆ 'ಆಯುಷ್ಮಾನ್' ಎಂದೇ ಇದ್ದರೆ ಜನ ಗೊಂದಲಪಡದೆ ಇನ್ನೇನು ಮಾಡಿಯಾರು! ಹಾಗಾಗಿ ದಾಖಲಾಗುವ ಮುನ್ನ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರವೋ 14555 ಸಹಾಯವಾಣಿಯಲ್ಲೋ ವಿಚಾರಿಸುವುದು ಒಳ್ಳೆಯದು.

ಇನ್ನು ಮಹಾರಾಷ್ಟ್ರದ್ದೇ ಆದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಬೇಡುವುದು ಆ ರಾಜ್ಯದ ರೇಷನ್ ಕಾರ್ಡ್ ಅಥವಾ ವಾಸದ ದಾಖಲೆ. ತಮಾಷೆಯೆಂದರೆ, 2023ರಲ್ಲಿ ಕರ್ನಾಟಕದೊಳಗಿನ ಗಡಿವಿವಾದದ 865 ಊರುಗಳಿಗೂ ಇದನ್ನು ವಿಸ್ತರಿಸಲು ಆ ಸರ್ಕಾರ ಹೊರಟಾಗ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆಕ್ಷೇಪವೆತ್ತಿದರು. ರೋಗಿಯ ವಿಳಾಸ ಎರಡು ಸರ್ಕಾರಗಳ ಜಗಳದ ಕಣವಾಗಿದ್ದು ಹೀಗೆ.

ಮಹಾರಾಷ್ಟ್ರದ ಎಲ್ಲ ಸರ್ಕಾರಿ ಆಸ್ಪತ್ರೆಗಳೂ ಈಗ ಪುಕ್ಕಟೆ ಎಂಬುದೂ ಪೂರ್ತಿ ಸರಿಯಲ್ಲ. 2023ರ ಆಗಸ್ಟ್ 15ರಿಂದ ಜಾರಿಯಾದ ಉಚಿತ ಸೇವೆ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಿಗೆ ಮಾತ್ರ. ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆ ಅದರಲ್ಲಿ ಬರುತ್ತದೆ. ವೈದ್ಯಕೀಯ ಕಾಲೇಜಿಗೆ ಸೇರಿದ ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆ ಬರುವುದಿಲ್ಲ.

ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐಗಂತೂ ರಾಜ್ಯದ ಹಂಗೇ ಇಲ್ಲ. ಅದು ಕೇಳುವುದು ಕಾರ್ಖಾನೆಯಲ್ಲಿ ಕನಿಷ್ಠ 10 ಕೆಲಸಗಾರರಿದ್ದಾರೆಯೇ, ತಿಂಗಳ ವೇತನ 21,000 ರೂಪಾಯಿಯ ಒಳಗಿದೆಯೇ ಎಂದು. ನಾಲ್ಕಾರು ಜನ ದುಡಿಯುವ ಮಗ್ಗದ ಶೆಡ್ಡಿನಲ್ಲಿ ಚಿಕ್ಕೋಡಿಯಿಂದ ಬಂದವನ ಜೊತೆಗೆ ಇಚಲಕರಂಜಿಯಲ್ಲೇ ಹುಟ್ಟಿದವನೂ ಅದರಿಂದ ಹೊರಗುಳಿಯುತ್ತಾನೆ.