ಬಚ್ಚಲ ನೀರಿನ ದಾರಿ

ಮನುಷ್ಯನು ಊರು ಕಟ್ಟಿ ನೆಲೆನಿಂತ ಕಾಲದಿಂದಲೂ ಎರಡು ಬಗೆಯ ನೀರಿನ ಚಿಂತೆ ಅವನಿಗೆ ತಪ್ಪಿಲ್ಲ. ಮನೆಗೆ ಬರಬೇಕಾದ ನೀರು ಒಂದು. ಮನೆಯಿಂದ ಹೊರಹೋಗಬೇಕಾದ ನೀರು ಇನ್ನೊಂದು. ಕೆರೆ ಬಾವಿಗಳನ್ನು ಕಟ್ಟಿಸಿದವರನ್ನು ಶಾಸನಗಳು ಹಾಡಿ ಹರಸಿವೆ. ಚರಂಡಿ ಕಟ್ಟಿದವರ ಹೆಸರುಗಳು ಮಾತ್ರ ಮರೆಯಾಗಿ ಹೋಗಿವೆ. ಆದರೂ ಅವರ ಜಾಣ್ಮೆ ಅಲ್ಪವಾದುದಲ್ಲ. ಸುಮಾರು 4500 ವರ್ಷಗಳ ಹಿಂದೆಯೇ ಸಿಂಧೂ ಕಣಿವೆಯ ಮೊಹೆಂಜೊದಾರೊ ನಗರದಲ್ಲಿ ಮನೆಗಳ ಬಚ್ಚಲ ನೀರು ಬೀದಿಯ ಇಟ್ಟಿಗೆ ಚರಂಡಿಯನ್ನು ಸೇರುತ್ತಿತ್ತು. ಚರಂಡಿಗಳಿಗೆ ತೆಗೆಯಬಲ್ಲ ಮುಚ್ಚಳಗಳಿದ್ದವು; ಅಲ್ಲಲ್ಲಿ ಕಸ ತಂಗುವ ಗುಂಡಿಗಳಿದ್ದವು. ನೀರು ಹರಿಯಬೇಕು, ಕಸ ಹಿಂದೆ ಉಳಿಯಬೇಕು ಎಂಬುದೇ ಆ ಏರ್ಪಾಟಿನ ತತ್ತ್ವ. ಇಂದಿನ ಮನೆಯ ಕೊಳವೆಗಳಿಗೂ ಅದೇ ತತ್ತ್ವ ಸಲ್ಲುತ್ತದೆ.

ಮುಖ ತೊಳೆಯುವ ಬೇಸಿನ್ನಿನ ಅಡಿಯಲ್ಲಿ ಕೊಳವೆಯು ಕೆಳಕ್ಕೆ ಬಾಗಿ, ಮತ್ತೆ ಮೇಲೇರಿ ಮುಂದೆ ಸಾಗುವುದನ್ನು ಹಲವು ಮನೆಗಳಲ್ಲಿ ಕಾಣಬಹುದು. ಈ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಚರಂಡಿಯ ದುರ್ಗಂಧವೂ ವಿಷಾನಿಲಗಳೂ ಮನೆಯೊಳಗೆ ನುಗ್ಗದಂತೆ ತಡೆಯುವುದು ಆ ನೀರೇ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಎಂಬಾತನು 1775ರಲ್ಲಿ ಇಂಥ ಬಾಗುಕೊಳವೆಯುಳ್ಳ ಶೌಚಗೃಹಕ್ಕೆ ಪೇಟೆಂಟ್ ಪಡೆದನು. ಬಹುದಿನ ಬಳಸದ ಬಚ್ಚಲಿನಲ್ಲಿ ಈ ನೀರು ಆರಿಹೋಗಿ ವಾಸನೆ ಏಳುತ್ತದೆ. ಒಂದು ಚೊಂಬು ನೀರು ಸುರಿದರೆ ಸಾಕು, ತಡೆ ಮತ್ತೆ ಸಿದ್ಧವಾಗುತ್ತದೆ.

ಅನಿಲವನ್ನು ತಡೆಯುವ ಈ ಬಾಗಿನಲ್ಲಿಯೇ ಕಸವೂ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಬಚ್ಚಲಿನಲ್ಲಿ ತಲೆಗೂದಲು ಬಲೆಯಂತೆ ಹೆಣೆದುಕೊಂಡು ಸಾಬೂನಿನ ಜಿಡ್ಡನ್ನು ಹಿಡಿದಿಡುತ್ತದೆ. ಗಡಸು ನೀರಿನ ಸುಣ್ಣದಂಶವು ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಗಸಿಯಾಗುತ್ತದೆ. ಅಡುಗೆಮನೆಯ ಕೊಳವೆಗೆ ಎಣ್ಣೆ ತುಪ್ಪಗಳೇ ಶತ್ರು. ಬಿಸಿಯಾಗಿ ಸುರಿದಾಗ ನೀರಿನಂತೆ ಇಳಿಯುವ ಜಿಡ್ಡು ಮುಂದೆ ತಣ್ಣಗಾಗಿ ಕೊಳವೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅನ್ನದ ಅಗುಳು, ಕಾಫಿಯ ಗಸಟು, ತರಕಾರಿಯ ಸಿಪ್ಪೆ ಅದಕ್ಕೆ ಅಂಟಿ ದಾರಿ ದಿನದಿನಕ್ಕೆ ಕಿರಿದಾಗುತ್ತದೆ. ನೀರು ನಿಧಾನವಾಗಿ ಇಳಿಯತೊಡಗುವುದೇ ಮೊದಲ ಎಚ್ಚರಿಕೆ.

ಇದನ್ನು ತಡೆಯಲು ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಬಚ್ಚಲ ತೂಬಿಗೆ ಜಾಲರಿ ಇರಿಸಿ, ಅದರಲ್ಲಿ ನಿಂತ ಕೂದಲನ್ನು ದಿನವೂ ತೆಗೆಯಬೇಕು. ತಟ್ಟೆಯ ಮುಸುರೆಯನ್ನು ಬೇರೆ ಪಾತ್ರೆಗೆ ಬಳಿದು ಹಾಕಿ, ಬಾಣಲೆಯ ಜಿಡ್ಡನ್ನು ಕಾಗದದಿಂದ ಒರಸಿ, ಅನಂತರ ತೊಳೆಯಬೇಕು. ಬಟ್ಟೆಯ ಚೂರು, ಹತ್ತಿ, ಪ್ಲಾಸ್ಟಿಕ್ ಮುಂತಾದವನ್ನು ಶೌಚಗೃಹದಲ್ಲಿ ಎಂದಿಗೂ ಹಾಕಬಾರದು. ಕೊಳವೆ ಕಟ್ಟಿಕೊಂಡಾಗ ಹಿಡಿಯುಳ್ಳ ರಬ್ಬರ್ ಬಟ್ಟಲನ್ನು ತೂಬಿನ ಮೇಲೆ ಒತ್ತಿ ಎಳೆದರೆ ಸಾಮಾನ್ಯ ತಡೆ ಬಿಡುತ್ತದೆ. ಅವಸರಪಟ್ಟು ಆಮ್ಲ ಸುರಿಯುವುದು ಅಪಾಯಕರ. ಆಮ್ಲವೂ ಬ್ಲೀಚಿಂಗ್ ಪುಡಿಯೂ ಒಂದಾದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ.

ತೂಬಿನಲ್ಲಿ ಇಳಿದ ಕಸವು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಒಂದು ಮನೆಯ ಜಿಡ್ಡು ಹತ್ತು ಮನೆಗಳ ಜಿಡ್ಡಿನೊಡನೆ ಸೇರಿ ಬೀದಿಯ ಒಳಚರಂಡಿಯನ್ನು ಮುಚ್ಚುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯ ಚರಂಡಿಯಲ್ಲಿ ಸುಮಾರು 250 ಮೀಟರ್ ಉದ್ದದ, 130 ಟನ್ ತೂಕದ ಕೊಬ್ಬಿನ ರಾಶಿ ಕಂಡುಬಂದಿತು. ಅದನ್ನು ತೆಗೆಯಲು ಕೆಲಸಗಾರರು ವಾರಗಟ್ಟಲೆ ದುಡಿಯಬೇಕಾಯಿತು.

ಭಾರತದಲ್ಲಿ ಇಂಥ ತಡೆಯನ್ನು ಬಿಡಿಸಲು ಬಹುಕಾಲ ಮನುಷ್ಯರನ್ನೇ ಗುಂಡಿಗೆ ಇಳಿಸಲಾಗುತ್ತಿತ್ತು. ಕೊಳೆತ ನೀರಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿ ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ. ಹೀಗೆ ಸತ್ತವರಲ್ಲಿ ಹೆಚ್ಚಿನವರು ಜಾತಿಯ ಹೆಸರಿನಲ್ಲಿ ಈ ಕೆಲಸಕ್ಕೆ ನೂಕಲ್ಪಟ್ಟ ಬಡವರು. ಕರ್ನಾಟಕದಲ್ಲಿ 1970ರ ದಶಕದಲ್ಲಿಯೇ ಸಚಿವರಾದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕೇಂದ್ರ ಕಾನೂನು ಅಪರಾಧವೆಂದು ಸಾರಿತು. ಹೀಗೆ ಮಡಿದವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ 30 ಲಕ್ಷ ರೂಪಾಯಿಗಳಿಗೆ ಏರಿಸಿತು. ಆದರೂ ಸಾವುಗಳು ನಿಂತಿಲ್ಲ.

ಈ ಕೆಲಸವನ್ನು ಯಂತ್ರಗಳಿಂದ ಮಾಡಿಸುವುದು ಆಡಳಿತದ ಹೊಣೆ. ಚರಂಡಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಪ್ರತಿಯೊಂದು ಮನೆಯ ಹೊಣೆ. ಬಚ್ಚಲ ಜಾಲರಿಯಲ್ಲಿ ನಿಂತ ಒಂದು ಹಿಡಿ ಕಸವನ್ನು ತೆಗೆದುಹಾಕುವವರು ತಮ್ಮ ಮನೆಯನ್ನು ಶುಚಿಯಾಗಿಡುವುದಲ್ಲದೆ, ಕಾಣದ ಸಹೋದರನೊಬ್ಬನು ಕತ್ತಲೆಯ ಗುಂಡಿಗೆ ಇಳಿಯುವ ಸಂದರ್ಭವನ್ನೂ ದೂರಮಾಡುತ್ತಾರೆ.